ದಾಟಿಸುವಾಗ ಕರೆದ ಹೆಸರು

ಆ ಬೆಳಿಗ್ಗೆ ಮಳೆ ಬರಲಿಲ್ಲ. ಬಂದೆನೆಂದು ಹೇಳಿ ಅಂಗಳದಲ್ಲೇ ನಿಂತುಬಿಟ್ಟ ನೆಂಟನ ಹಾಗೆ ನದಿಯ ಮೇಲೆ ನಿಂತಿತ್ತು. ಮೋಡ ತಾಪಿ ನದಿಯ ಆಚೆ ದಡದ ನೀರುತಾಳೆಗಳ ನೆತ್ತಿ ಮುಟ್ಟುವಷ್ಟು ಕೆಳಗಿಳಿದು, ಬೆಳಕು ಎಲ್ಲಿಂದ ಬರುತ್ತಿದೆಯೆಂದು ಹೇಳಲಾಗದಂತೆ ಎಲ್ಲ ಕಡೆಯೂ ಒಂದೇ ಬೂದಿಬಣ್ಣವಾಗಿತ್ತು. ಗಾಳಿ ಇರಲಿಲ್ಲ. ನೀರಿನ ಮೇಲೆ ಡೀಸೆಲಿನ ಪೊರೆ ಅಲುಗದೆ ಮಲಗಿತ್ತು. ಫಂಗನ್ ದ್ವೀಪದಿಂದ ಇರುಳೆಲ್ಲ ಬಂದ ಲಾಂಚು ಬಾನ್ ಡೋನ್ ಕಟ್ಟೆಗೆ ಹಗ್ಗ ಎಸೆದಾಗ, ಮೇಲಟ್ಟದಲ್ಲಿ ಸಾಲಾಗಿ ಹಾಸಿದ ಚಾಪೆಗಳಿಂದ ಜನ ಒಬ್ಬರಿಗೊಬ್ಬರು ತಾಗುತ್ತ ಎದ್ದರು. ಥವಿನ್ ಮಾತ್ರ ತಲೆದಿಂಬಿನ ಪಕ್ಕ ಇಟ್ಟುಕೊಂಡಿದ್ದ ಬಟ್ಟೆಚೀಲದ ಮೇಲೆ ಕೈಯಿಟ್ಟು, ಎಲ್ಲರೂ ಇಳಿಯಲೆಂದು ಕೂತಿದ್ದ. ಇಳಿಯುವ ಮುಂಚೆ ಅವನು ಒಂದು ಮಾತು ಹೇಳಬೇಕಾಗಿತ್ತು. ಸತ್ತವರ ಎಲುಬನ್ನು ನೀರು ದಾಟಿಸುವವರೆಲ್ಲ ಹೇಳುವ ಮಾತೇ ಅದು. ಹೊಳೆ ಬಂದಾಗ, ಸೇತುವೆ ಬಂದಾಗ, ಲಾಂಚು ಹತ್ತುವಾಗ ಇಳಿಯುವಾಗ, ಸತ್ತವರ ಹೆಸರು ಹಿಡಿದು, ಇಂಥವರೇ, ಈಗ ನೀರು ದಾಟುತ್ತಿದ್ದೇವೆ, ಹಿಂದೆ ಉಳಿಯಬೇಡಿ, ಜೊತೆಗೆ ಬನ್ನಿ ಎಂದು ಕರೆಯಬೇಕು. ಕರೆಯದಿದ್ದರೆ ಎಲುಬು ದಾಟುತ್ತದೆ, ಮನುಷ್ಯ ದಡದಲ್ಲೇ ಉಳಿಯುತ್ತಾನೆ. ನಿನ್ನೆ ಸಂಜೆ ದ್ವೀಪದ ಕಟ್ಟೆಯಲ್ಲೂ ಥವಿನ್ ಚೀಲವನ್ನು ಎದೆಗೆ ಅವಚಿಕೊಂಡು ಬಾಯಿ ತೆರೆದಿದ್ದ. ತೆರೆದ ಬಾಯಿ ಹಾಗೇ ಮುಚ್ಚಿತ್ತು. ಚೀಲದಲ್ಲಿದ್ದವನ ಹೆಸರು ಅವನಿಗೆ ಗೊತ್ತಿರಲಿಲ್ಲ.

"ಏನ್ ಮಾವ, ಕೂಸಿಗೆ ಹಾಲು ಕುಡಿಸ್ತಾ ಕೂತಿದೀರಾ?" ಅನಾನಸಿನ ಬುಟ್ಟಿಗಳನ್ನು ಇಳಿಸುತ್ತಿದ್ದ ಕೂಲಿಯವನು ಕೇಳಿದ. "ಕೊಡಿ ಇತ್ಲಾಗೆ, ನಾನ್ ಇಳಿಸ್ತೀನಿ."

"ಬೇಡಪ್ಪ. ನಾನೇ ಹಿಡ್ಕೊತೀನಿ."

"ಅಂಥಾದ್ದೇನಿದೆ ಅದರಲ್ಲಿ, ಚಿನ್ನವಾ?"

"ನಮ್ಮಣ್ಣ," ಎಂದ ಥವಿನ್.

ಕೂಲಿಯವನ ನಗು ಇಳಿಯಿತು. ತೋಳಿನ ಬೆವರನ್ನು ಅಂಗಿಗೆ ಒರೆಸಿ ಚೀಲಕ್ಕೆ ಕೈಮುಗಿದು ಪಕ್ಕಕ್ಕೆ ಸರಿದ. ಹಲಗೆಯ ಮೇಲೆ ಹೆಜ್ಜೆಯಿಡುತ್ತ ಥವಿನನಿಗೆ ತನ್ನ ಮಾತು ತನಗೇ ಕೇಳಿಸಿತು. ಹನ್ನೊಂದು ವರ್ಷದಿಂದ ನಾಲಿಗೆಗೆ ರೂಢಿಯಾದ ಮಾತು. ಈ ದಿನ ಅದನ್ನು ತಿದ್ದಲೆಂದೇ ಊರಿಗೆ ಬಂದವನು, ಇಳಿಯುವ ಮುಂಚೆಯೇ ಅದನ್ನೇ ಹೇಳಿಬಿಟ್ಟಿದ್ದ.

ಕಟ್ಟೆಯ ಮೇಲೆ ದ್ವೀಪಗಳಿಗೆ ಹೋಗುವವರು ಬೆನ್ನಿಗೆ ಮೂಟೆ ಕಟ್ಟಿಕೊಂಡು ನಿಂತಿದ್ದರು. ಕೆಂಪು ಟೋಪಿಯ ಹುಡುಗಿಯೊಬ್ಬಳು ಯಾರ ಮುಖವನ್ನೂ ನೋಡದೆ ಅವರವರ ಎದೆಯ ಮೇಲೆ ಬಣ್ಣದ ಗುಂಡು ಚೀಟಿ ಅಂಟಿಸುತ್ತ ಬರುತ್ತಿದ್ದಳು. ಹಸಿರಾದರೆ ಒಂದು ದ್ವೀಪ, ಹಳದಿಯಾದರೆ ಇನ್ನೊಂದು. ಬಾಯಿ ಬಾರದ ಪರದೇಶದವರನ್ನು ವಿಂಗಡಿಸಲು ಅದೊಂದು ಉಪಾಯ. ಥವಿನನ ಎದೆಗೂ ಹಳದಿ ಚೀಟಿ ಬಿತ್ತು. "ನಾನು ಹೋಗೋನಲ್ಲ ತಂಗಿ, ಬಂದವನು," ಎಂದ. "ಬಂದವರೂ ಹೋಗ್ಲೇಬೇಕಲ್ಲ," ಎಂದು ಅವಳು ಮುಂದಕ್ಕೆ ಹೋದಳು. ಅಕ್ಕಪಕ್ಕದವರು ನಕ್ಕರು. ಈ ಊರಿಗೆ ಯಾರೂ ಈ ಊರಿಗೋಸ್ಕರ ಬರುವುದಿಲ್ಲ. ದ್ವೀಪದವರು ಆಸ್ಪತ್ರೆಗೆ, ಕಚೇರಿಗೆ, ಹೆಣ ಸುಡುವುದಕ್ಕೆ ಬರುತ್ತಾರೆ. ಪರದೇಶದವರು ಕಡಲಿಗೆ ಹೋಗಲು ಬರುತ್ತಾರೆ. ಎಲ್ಲರೂ ಗಡಿಯಾರ ನೋಡುತ್ತ ಒಂದು ಲೋಟ ಕಾಫಿ ಕುಡಿದು ಎದ್ದು ಹೋಗುತ್ತಾರೆ. ಹನ್ನೊಂದು ವರ್ಷದ ಹಿಂದೆ ಅವನೂ ಹಾಗೆಯೇ ಗಡಿಯಾರ ನೋಡಿದ್ದ.

ಅಣ್ಣ ನಿಯೋಮ್ ಈ ಊರಿನ ಆಸ್ಪತ್ರೆಯಲ್ಲಿ ಹತ್ತೊಂಬತ್ತು ದಿನ ಮಲಗಿದ್ದ. ಥವಿನ್ ಬಂದದ್ದು ಹತ್ತೊಂಬತ್ತನೆಯ ದಿನ, ಅಣ್ಣ ತೀರಿಕೊಂಡ ದಿನ. ತೆಂಗಿನಕಾಯಿ ಸುಲಿಸುವ ಕೆಲಸ ಮೈಮೇಲಿತ್ತು, ಮಳೆಯೂ ಇತ್ತು. ಬಿಡುವಿರಲಿಲ್ಲ ಎನ್ನುವುದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲವೆಂದು ಅವನಿಗೆ ಗೊತ್ತಿತ್ತು. ಮಂಚದ ಪಕ್ಕ ನಿಂತಾಗ ನರ್ಸು, "ನೀವು ಇವರಿಗೇನಾಗಬೇಕು?" ಎಂದು ಕೇಳಿದ್ದಳು. ತಮ್ಮ ಎಂದಿದ್ದ. ಅವಳು, "ಇವರಿಗೆ ಯಾರೂ ಇಲ್ಲ ಅಂದ್ಕೊಂಡಿದ್ವಿ," ಎಂದಿದ್ದಳು. ಅದರಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಮರೆಯಬಹುದಿತ್ತು. ಸುಟ್ಟ ಮರುದಿನದ ಬೆಳಿಗ್ಗೆ ಎಲುಬು ಆಯಲು ಹೋದಾಗ ವಿಹಾರದ ಚಿತೆಮನೆಯ ಕಟ್ಟೆಯ ಮೇಲೆ ಎರಡು ತಗಡಿನ ತಟ್ಟೆಗಳಿದ್ದವು. ಹಿಂದಿನ ದಿನ ಎರಡು ಹೆಣಗಳು. ಸುಡುವವನು ಎಲ್ಲೋ ಹೋಗಿದ್ದ. ಹನ್ನೊಂದು ಗಂಟೆಯ ಲಾಂಚು ಹೊರಡುವುದರಲ್ಲಿತ್ತು. ಥವಿನ್ ಎಡಗಡೆಯ ತಟ್ಟೆಯ ಮುಂದೆ ಕೂತು, ಎಳನೀರು ಚಿಮುಕಿಸಿ, ಎಲುಬುಗಳನ್ನು ಮನುಷ್ಯನ ಆಕಾರಕ್ಕೆ ಜೋಡಿಸತೊಡಗಿದ, ತಲೆ ಪಡುವಣಕ್ಕೆ. ತೊಡೆಯ ಜಾಗಕ್ಕೆ ಬಂದಾಗ ಬೆರಳಿಗೆ ಗಟ್ಟಿಯಾದದ್ದು ತಾಗಿತು. ಬೆರಳುದ್ದದ ಕಬ್ಬಿಣದ ಪಟ್ಟಿ, ಅದಕ್ಕೆ ನಾಲ್ಕು ಮೊಳೆ, ಮೊಳೆಗೆ ಕಚ್ಚಿಕೊಂಡ ಎಲುಬಿನ ಚೂರು. ನಿಯೋಮನ ಮೈಯಲ್ಲಿ ಯಾವ ಮೂಳೆಯೂ ಎಂದೂ ಮುರಿದಿರಲಿಲ್ಲ.

ಆಗ ಏಳಬೇಕಿತ್ತು. ಪಕ್ಕದ ತಟ್ಟೆಯನ್ನು ನೋಡಬೇಕಿತ್ತು, ಯಾರನ್ನಾದರೂ ಕೂಗಬೇಕಿತ್ತು. ಆದರೆ ಅಷ್ಟು ಹೊತ್ತಿಗೆ ಚಿಕ್ಕ ಭಿಕ್ಷುವೊಬ್ಬರು ಬಂದು ನಿಂತು, "ಎಲ್ಲಾ ಸರಿಯಾಗಿದೆಯಾ?" ಎಂದು ಕೇಳಿದರು. ಆಸ್ಪತ್ರೆಯ ಆ ಮಾತು ಇನ್ನೂ ಕಿವಿಯಲ್ಲಿತ್ತು. ತನ್ನ ಅಣ್ಣ ಯಾವ ತಟ್ಟೆಯಲ್ಲಿದ್ದಾನೆಂದು ತನಗೆ ಗುರುತಿಲ್ಲ ಎಂದು ಇನ್ನೊಮ್ಮೆ, ಇನ್ನೊಬ್ಬರ ಮುಂದೆ ಹೇಳಬೇಕಾಗಿತ್ತು. ಥವಿನ್ ಪಟ್ಟಿಯನ್ನು ಮುಷ್ಟಿಯಲ್ಲಿ ಮುಚ್ಚಿ, "ಸರಿಯಾಗಿದೆ ಭಂತೆ," ಎಂದ. ಅವರು ಮಂತ್ರ ಹೇಳಿದರು. ಅವನು ಆಕಾರವನ್ನು ಕೆಡಿಸಿ ತಲೆ ಮೂಡಣಕ್ಕೆ ಬರುವಂತೆ ಮತ್ತೆ ಜೋಡಿಸಿದ. ಹುಟ್ಟು ಮರಳಿ ಬರಲೆಂದು ಹಾಗೆ ತಿರುಗಿಸುತ್ತಾರೆ. ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ ಓಡಿದ. ಲಾಂಚು ಹತ್ತುವಾಗ ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ, "ನಿಯೋಮಣ್ಣ, ನೀರು ದಾಟ್ತಾ ಇದೀವಿ, ಬಾ," ಎಂದು ಕರೆದ. ನದಿಯ ಬಾಯಿ ದಾಟಿ ಕಡಲಿಗೆ ಬಿದ್ದ ಮೇಲೆ ಕಬ್ಬಿಣದ ಪಟ್ಟಿಯನ್ನು ನೀರಿಗೆ ಎಸೆದ. ಅದು ಬಿದ್ದ ಸದ್ದು ಇಂಜಿನಿನ ಸದ್ದಿನಲ್ಲಿ ಕೇಳಲಿಲ್ಲ. ಕೇಳಲಿಲ್ಲವೆಂಬುದೇ ಆಮೇಲಿನ ವರ್ಷಗಳಲ್ಲಿ ಅವನನ್ನು ಕಾಡಿತು. ಎಸೆದದ್ದು ಇನ್ನೂ ಬೀಳುತ್ತಲೇ ಇದೆಯೆಂದು ತೋರುತ್ತಿತ್ತು.

ಅವನು ಬಂದು ಕೂತ ಕಾಫಿ ಅಂಗಡಿಯ ಮುದುಕ ಕೇಳದೆಯೇ ಲೋಟ ತಂದಿಟ್ಟಿದ್ದ. ಥವಿನ್ ಕುಡಿಯಲಿಲ್ಲ. ಹತ್ತನೆಯ ತಿಂಗಳ ಕೃಷ್ಣಪಕ್ಷದ ಹದಿಮೂರನೆಯ ದಿನವಾದ್ದರಿಂದ ಪೇಟೆಯ ತುಂಬ ಜನ ಸತ್ತವರಿಗಾಗಿ ಸಾಮಾನು ಕೊಳ್ಳುತ್ತಿದ್ದರು. ಪಕ್ಷದ ಮೊದಲ ದಿನ ಯಮಲೋಕದ ಬಾಗಿಲು ತೆರೆದು ಬಿಟ್ಟ ಪ್ರೇತಗಳು ತಂತಮ್ಮ ಮನೆಗಳಿಗೆ ಬಂದು ಕೂತಿರುತ್ತವೆ. ಅಮಾವಾಸ್ಯೆಯ ದಿನ ಉಂಡು ಮರಳಬೇಕು. ನಾಡಿದ್ದೇ ಅಮಾವಾಸ್ಯೆ. ಅವನ ತಾಯಿಗೆ ಎಂಬತ್ತಾರು. ಈ ವರ್ಷ ಕಣ್ಣು ಪೂರಾ ಹೋಗಿತ್ತು. ನಾಡಿದ್ದು ನಿಯೋಮನಿಗೆ ತನ್ನ ಕೈಯಿಂದ ಒಂದು ತುತ್ತು ಇಟ್ಟು, ಆಮೇಲೆ ತಾನು ಹೋಗುತ್ತೇನೆ, ತನ್ನ ಎಲುಬನ್ನು ಅವನ ಪಕ್ಕದಲ್ಲೇ ಇಡಿ ಎಂದು ಹೇಳಿ ಮುಗಿಸಿದ್ದಳು. ಅಷ್ಟೇ ಆಗಿದ್ದರೆ ಥವಿನ್ ಸುಳ್ಳನ್ನು ಇನ್ನೂ ನಾಲ್ಕು ದಿನ ಹೊರುತ್ತಿದ್ದ. ಆದರೆ ಪಾಡ್ಯದ ಸಂಜೆ ಅವನು ಕೈಕಾಲು ತೊಳೆದು ಮೆಟ್ಟಿಲು ಹತ್ತುವಾಗ ತಾಯಿ ಚಾಪೆಯ ಮೇಲೆ ಎದ್ದು ಕೂತು ಕಿವಿಗೊಟ್ಟಿದ್ದಳು.

"ಯಾರು ಅದು, ನೀನಾ?"

"ಹೂಂ ಅಮ್ಮ, ನಾನೇ."

"ನೀನು ಮೇಲೆ ಬಂದೆ. ಕೆಳಗೆ ನಿಂತಿರೋದ್ಯಾರು?"

"ಯಾರೂ ಇಲ್ಲ."

"ನಿಮ್ಮಣ್ಣ," ಎಂದಿದ್ದಳು ತಾಯಿ. "ಒಂದು ಕಾಲು ಎಳೀತಾನೆ ಕಣೋ. ಅವನ ಕಾಲಿಗೇನಾಯ್ತು? ಹುಷಾರಿದ್ದಾಗ ನೆಟ್ಟಗೆ ನಡೀತಿದ್ದನಲ್ಲ." ಆಮೇಲೆ ತನಗೆ ತಾನೇ ಎಂಬಂತೆ ಹೇಳಿದ್ದಳು: "ಯಾರನ್ನೋ ಕೂಗ್ತಾನೆ. ನನ್ನನ್ನಲ್ಲ."

ಕಬ್ಬಿಣದ ಪಟ್ಟಿಯ ವಿಷಯ ಅವನು ತಾಯಿಗಾಗಲಿ ಹೆಂಡತಿಗಾಗಲಿ ಎಂದೂ ಹೇಳಿರಲಿಲ್ಲ. ಆ ದಿನದಿಂದ ಮನೆಯ ಮೆಟ್ಟಿಲು ಹತ್ತುವಾಗೆಲ್ಲ ಅವನು ತನ್ನ ಹೆಜ್ಜೆಯನ್ನು ತಾನೇ ಎಣಿಸುತ್ತಿದ್ದ. ಹನ್ನೊಂದು ವರ್ಷ ಅನ್ಯನೊಬ್ಬನನ್ನು ತಂದು ಮನೆಯಲ್ಲಿ ಕೂರಿಸಿ, ಇನ್ನೊಬ್ಬನ ಹೆಸರಿನಲ್ಲಿ ಅನ್ನ ಇಟ್ಟಿದ್ದೇವೆ. ತನ್ನ ಹೆಸರು ಒಮ್ಮೆಯೂ ಕೇಳದೆ, ತನ್ನದಲ್ಲದ ತಟ್ಟೆಯ ಮುಂದೆ ವರ್ಷವರ್ಷವೂ ಕೂತವನ ಮನಸ್ಸು ಈಗ ಹೇಗಾಗಿರಬಹುದು?

ವಿಹಾರದ ಅಂಗಳದಲ್ಲಿ ಚಿತೆಮನೆಯ ಚಿಮಣಿ ಮೋಡದೊಳಗೆ ಹೊಕ್ಕಂತೆ ನಿಂತಿತ್ತು. ಸುಡುವ ಕೆಲಸದ ಲುವನ್ ಈಗ ಮುದುಕನಾಗಿದ್ದ. ಮೆಟ್ಟಿಲ ಮೇಲೆ ಕೂತು ಎಲೆಅಡಿಕೆ ಕುಟ್ಟುತ್ತಿದ್ದ.

"ಲುವನ್ ಮಾವ, ನನ್ನ ಗುರುತು ಸಿಕ್ತಾ?"

"ಜೀವ ಇರೋರ ಗುರುತು ನನಗಿರಲ್ಲ ಕಣಯ್ಯ. ಯಾರನ್ನ ಸುಡಿಸಿದ್ದೆ ಹೇಳು, ನೀನ್ಯಾರು ಅಂತ ಹೇಳ್ತೀನಿ." ಅವನ ಕಣ್ಣು ಥವಿನನ ಎದೆಯ ಮೇಲೆ ನಿಂತಿತು. "ಇದೇನಿದು, ಸರಕಿಗೆ ಹಾಕೋ ಚೀಟಿ ಮೈಗೆ ಅಂಟಿಸ್ಕೊಂಡು ಬಂದಿದೀಯಾ? ಯಾವ ಊರಿಗೆ ಸಾಗಿಸಬೇಕು ನಿನ್ನ?"

ಥವಿನ್ ಚೀಟಿ ಕೀಳಲು ನೋಡಿದ. ಅದು ಅರ್ಧ ಹರಿದು ಅರ್ಧ ಅಂಗಿಗೇ ಅಂಟಿತು. ಬೆರಳು ಅಂಟಂಟಾಗಿ, ಮುಖ ಬಿಸಿಯಾಗಿ, ಅವನು ಇದ್ದದ್ದನ್ನು ಹೇಳಿದ. ಎರಡು ತಟ್ಟೆ, ಎಡಗಡೆಯದು, ಕಬ್ಬಿಣ. ಹೇಳುವಾಗ ಅದು ಎಷ್ಟು ಚಿಕ್ಕ ವಿಷಯವಾಗಿ ಕೇಳುತ್ತಿತ್ತೆಂದರೆ, ಇಷ್ಟನ್ನು ಹೇಳಲು ಹನ್ನೊಂದು ವರ್ಷ ಯಾಕೆ ಹಿಡಿಯಿತೆಂದು ಅವನಿಗೇ ಬಗೆಹರಿಯಲಿಲ್ಲ. ಮುದುಕ ಕುಟ್ಟುವುದನ್ನು ನಿಲ್ಲಿಸಿದ್ದ.

"ಹನ್ನೊಂದು ವರ್ಷ," ಎಂದ ಲುವನ್. "ಇದೇ ಮೆಟ್ಟಿಲಲ್ಲಿ ಚಪ್ಪಲಿ ಅದಲುಬದಲಾದರೆ ಜನ ಸಂಜೆ ಒಳಗೆ ವಾಪಸ್ ಬರ್ತಾರೆ."

ಥವಿನ್ ತಲೆ ತಗ್ಗಿಸಿದ.

"ತೊಡೇಲಿ ಕಬ್ಬಿಣ ಇದ್ದೋನು ಒಬ್ಬನೇ ನನಗೆ ಗೊತ್ತಿರೋದು. ಚರೂನ್. ಬಡಗಿ. ಅಗೋ, ಆ ಮಾಡಿನ ಅಂಚಿಂದ ಬಿದ್ದು ಕಾಲು ಮುರ್ಕೊಂಡ. ಆಮೇಲೆ ಇಪ್ಪತ್ತು ವರ್ಷ ಕುಂಟಿದ. ಒಳ್ಳೇ ಕೈ ಅವನದು." ಮುದುಕ ಅಡಿಕೆಯನ್ನು ದವಡೆಗೆ ತಳ್ಳಿ, ಬೇಕಾಗಿಯೇ ನಿಧಾನ ಮಾಡಿ ಹೇಳಿದ: "ಮರದ ಮೇಲೆ. ಒಳ್ಳೇ ಕೈ ಅಂದದ್ದು ಮರದ ಮೇಲೆ ಅಷ್ಟೆ."

"ಮನೆಯವರು ಇದಾರಾ?"

"ಹೆಂಡ್ತಿ ಇದಾಳೆ, ಯುಪಾ. ಹಿಂದಿನ ಓಣೀಲಿ ಪ್ರೇತಗಳಿಗಿಡೋ ಲಾ ಸಿಹಿ ಸುಡ್ತಾಳೆ. ನನ್ನ ಮಾತು ಕೇಳ್ತೀಯಾ? ಭಂತೆಯವರಿಗೆ ಹೇಳಿ ನಾಲ್ಕು ಮಂತ್ರ ಹೇಳಿಸು, ಚೀಲದಲ್ಲಿ ಇರೋದನ್ನ ಹೊಳೆಗೆ ಬಿಡು, ಮಧ್ಯಾಹ್ನದ ಲಾಂಚು ಹಿಡಿ. ಆ ಹೆಣ್ಣು ಈಗ ಮೈ ಕೈ ತುಂಬ್ಕೊಂಡಿದಾಳೆ. ಅವಳ ಬಾಗಿಲಿಗೆ ಅವನನ್ನ ಹೊತ್ಕೊಂಡು ಹೋಗಬೇಡ."

"ನಮ್ಮಣ್ಣ ಅಲ್ಲಿದಾನೆ ಮಾವ."

ಲುವನ್ ಮತ್ತೆ ಕುಟ್ಟತೊಡಗಿದ. ಥವಿನ್ ಎದ್ದು ಹೊರಟಾಗ, ಮಲಗಿದ್ದ ನಾಯಿಗಳು ಒಂದೊಂದಾಗಿ ಎದ್ದು, ಬೊಗಳದೆ, ಚೀಲಕ್ಕೆ ದಾರಿ ಬಿಟ್ಟು ದೂರ ಹೋಗಿ ನಿಂತವು. ಚರೂನ್ ಎಂದು ಅವನು ಮನಸ್ಸಿನಲ್ಲೇ ಅಂದುಕೊಂಡ. ಹೆಸರು ಸಿಕ್ಕರೆ ಹಗುರಾಗುತ್ತದೆಂದು ಇರುಳೆಲ್ಲ ಚಾಪೆಯ ಮೇಲೆ ಎಣಿಸಿದ್ದ. ಆದರೆ ಹೆಸರು ಬಂದದ್ದೇ ಚೀಲದೊಳಗೆ ಯಾರೋ ತಲೆಯೆತ್ತಿದ ಹಾಗಾಯಿತು. ಇಷ್ಟು ವರ್ಷ ಅಲ್ಲಿ ತನ್ನ ತಪ್ಪು ಮಾತ್ರ ಇತ್ತು. ಈಗ ಒಬ್ಬ ಗಂಡಸು ಇದ್ದ.

ಓಣಿಯ ಕೊನೆಯ ತಗಡಿನ ಮನೆಯ ಮುಂದೆ ಅಗಲವಾದ ಬಾಣಲೆ ಒಲೆಯ ಮೇಲಿತ್ತು. ಸುಮಾರು ಅರುವತ್ತರ ಹೆಂಗಸೊಬ್ಬಳು ತಳದಲ್ಲಿ ಸೂಜಿತೂತುಗಳಿದ್ದ ಡಬ್ಬಿಯನ್ನು ಬಾಣಲೆಯ ಮೇಲೆ ಗರಗರ ಸುತ್ತಿಸುತ್ತಿದ್ದಳು. ಅಕ್ಕಿಹಿಟ್ಟು ಬೆಲ್ಲದ ಹದ ನೂಲಿನ ಹಾಗೆ ಇಳಿದು, ಎಳೆಯ ಮೇಲೆ ಎಳೆ ಬಿದ್ದು, ಕಣ್ಣು ಮಿಟುಕಿಸುವಷ್ಟರಲ್ಲಿ ಒಂದು ಬಲೆಯಾಗುತ್ತಿತ್ತು. ಅವಳು ಅದನ್ನು ಕಡ್ಡಿಯಿಂದ ಎತ್ತಿ ಮಡಚಿ ಬಾಳೆಲೆಯ ಮೇಲಿಡುತ್ತಿದ್ದಳು. ಪ್ರೇತಗಳ ಬಾಯಿ ಸೂಜಿಯ ತೂತಿನಷ್ಟೇ. ಅದಕ್ಕೇ ಲಾ ನೂಲಿನಷ್ಟು ಸಣ್ಣ. ಕೊಳ್ಳಲು ಬಂದ ಟೀಚರಮ್ಮನೊಬ್ಬಳು ಎದುರಿಗೆ ನಿಂತು ಒಂದು ಎಳೆಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡುತ್ತಿದ್ದಳು.

"ಈ ಸಲ ದಪ್ಪ ಆಗಿದೆ ಯುಪಕ್ಕ. ನಮ್ಮತ್ತೆ ಗಂಟಲಲ್ಲಿ ಸಿಕ್ಕೊಂಡ್ರೆ?"

"ಸಿಕ್ಕೊಳ್ಲಿ ಬಿಡಿ. ಇದ್ದಾಗ ನಿಮ್ಮನ್ನ ಕಡಿಮೆ ಅಂದಿದಾರಾ?"

ಇಬ್ಬರೂ ನಕ್ಕರು. ಥವಿನನನ್ನು ಕಂಡು ಯುಪಾ, "ನಿಮಗೆಷ್ಟು ಕಟ್ಟಲಿ ಅಣ್ಣ?" ಎಂದಳು. ಅವನು ಟೀಚರಮ್ಮ ಹೋಗುವವರೆಗೆ ಕಾದ. ಕಾಯುವಾಗ ತೆರೆದ ಬಾಗಿಲಿನೊಳಗೆ ಬುದ್ಧನ ಹಲಗೆಯ ಕೆಳಗಿನ ಹಲಗೆಯಲ್ಲಿ ಒಂದು ಫೋಟೋ ಕಂಡಿತು: ಅಗಲ ದವಡೆ, ಒಪ್ಪವಾಗಿ ಬಾಚಿದ ಕೂದಲು, ಕ್ಯಾಮೆರಾದವನ ಮೇಲೂ ಸಿಟ್ಟಿದ್ದಂತೆ ಬಿಗಿದ ತುಟಿ. ಹನ್ನೊಂದು ವರ್ಷ ತನ್ನ ಮನೆಯಲ್ಲಿ ಉಂಡ ಮುಖ. ಫೋಟೋದ ಮುಂದೆ ಗೋಪುರದ ಆಕಾರದ ಪುಟ್ಟ ಹಿತ್ತಾಳೆಯ ಕರಂಡ. ಅದರೊಳಗೆ ನಿಯೋಮ್. ಅವನು ನೆಲದ ಮೇಲೆ ಕೂತು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಕೈಮುಗಿದ.

"ಅಕ್ಕ, ನಾನು ಫಂಗನ್‌ನೋನು. ನಿಮ್ಮ ಯಜಮಾನರನ್ನ ಸುಟ್ಟ ದಿನಾನೇ ನಮ್ಮಣ್ಣನನ್ನೂ ಸುಟ್ಟಿದ್ದು."

ಡಬ್ಬಿ ನಿಂತಿತು. ಅದರ ತಳದಿಂದ ಹಿಟ್ಟು ಒಂದೇ ಜಾಗಕ್ಕೆ ಸುರಿದು ಉಂಡೆಗಟ್ಟಿತು. ಅವಳು ಅವನ ಮುಖ ನೋಡಲಿಲ್ಲ, ಚೀಲ ನೋಡಿದಳು. ಆಮೇಲೆ ಡಬ್ಬಿಯನ್ನು ಪಾತ್ರೆಯ ಮೇಲೆ ಮೆಲ್ಲಗೆ ಇಟ್ಟಳು.

"ಬಂದ್ರಾ," ಎಂದಳು. ಅದು ಪ್ರಶ್ನೆಯಾಗಿರಲಿಲ್ಲ.

"ನಿಮಗೆ ಗೊತ್ತಿತ್ತಾ?"

"ನಾನು ಬರೋ ಹೊತ್ತಿಗೆ ಒಂದೇ ತಟ್ಟೆ ಇತ್ತು. ಜೋಡಿಸ್ತಾ ಕೂತೆ. ತಲೆ, ಎದೆ, ಕೈ. ಕಾಲಿಗೆ ಬಂದೆ. ಕಬ್ಬಿಣ ಇರಲಿಲ್ಲ." ಅವಳು ಕರಟಿದ ಉಂಡೆಯನ್ನು ಕಡ್ಡಿಯಿಂದ ಕೆರೆದಳು. "ಕೂಗೋಣ ಅಂದ್ಕೊಂಡೆ, ಬಾಯಿ ಬರಲಿಲ್ಲ ಅಂತ ಆಮೇಲೆ ನನಗೆ ನಾನೇ ಹೇಳ್ಕೊತಿದ್ದೆ. ಸುಳ್ಳು. ಬಾಯಿ ಬಂತು. ಮುಚ್ಕೊಂಡೆ."

ಥವಿನನಿಗೆ ತಾನು ಹೇಳಬೇಕೆಂದು ಕಟ್ಟಿಕೊಂಡು ಬಂದ ಮಾತೆಲ್ಲ ಅವಳ ಬಾಯಿಯಿಂದ ಬಂದಂತಾಯಿತು. ಕ್ಷಮೆ ಕೇಳಲು ಜಾಗವೇ ಉಳಿಯಲಿಲ್ಲ. ಆದರೂ ಒಂದನ್ನು ಹೇಳಲೇಬೇಕಿತ್ತು.

"ಆ ಪಟ್ಟೀನ ನಾನು ಕಡಲಿಗೆ ಎಸೆದೆ ಅಕ್ಕ. ಅದೊಂದು ನನ್ನ ಹತ್ರ ಇಲ್ಲ."

"ಅದರ ನೋವೇ ಅವರಿಗೆ ಜಾಸ್ತಿ. ಮಳೆಗಾಲದಲ್ಲಿ ಸೇದ್ತಿತ್ತು." ಅವಳು ಎಡ ಮೊಣಕೈಯನ್ನು ಬಲಗೈಯಲ್ಲಿ ಹಿಡಿದುಕೊಂಡಿದ್ದಳು, ಆ ತೋಳು ಪೂರ್ತಿ ನೀಳವಾಗುವುದಿಲ್ಲವೆಂದು ಥವಿನ್ ಆಗ ಗಮನಿಸಿದ. "ಮೋಡ ಹೀಗೆ ಕಟ್ಟಿದ ದಿನ ನಾನು ಮನೆಯೊಳಗೆ ಇರ್ತಿರಲಿಲ್ಲ. ವಿಹಾರದಲ್ಲಿ ಹೋಗಿ ಗುಡಿಸ್ತಿದ್ದೆ. ಭಂತೆಯವರು ನನ್ನಷ್ಟು ಭಕ್ತೆ ಇಲ್ಲ ಅಂತಿದ್ರು." ಸ್ವಲ್ಪ ನಕ್ಕಳು. "ಅವತ್ತು ನಿಮ್ಮಣ್ಣನನ್ನ ಎತ್ಕೊಂಡು ಮನೆಗೆ ಬರುವಾಗ ಕಾಲುವೆ ಸೇತುವೆ ಹತ್ರ ನಿಂತೆ. ಹೆಸರು ಹಿಡಿದು ಕರೀಬೇಕಲ್ಲ. ಗಂಡನ ಹೆಸರು ಕರೀಲಿಲ್ಲ. ಯಾರಾದ್ರೂ ಆಗಿರಿ, ಬನ್ನಿ ಅಂದೆ. ಬಂದ್ರು. ಹನ್ನೊಂದು ವರ್ಷ ಆಯ್ತು, ಮನೇಲಿ ಒಂದು ಸದ್ದಿಲ್ಲ."

ಒಳಗಿನ ಕತ್ತಲೆ ತಣ್ಣಗಿತ್ತು. ಥವಿನ್ ಅಲ್ಲಿಗೆ ಕಣ್ಣು ಹಾಯಿಸಿದ. ತನ್ನ ಅಣ್ಣ ಬದುಕಿದ್ದಾಗ ಯಾವ ಮನೆಯಲ್ಲೂ ಇಷ್ಟು ಕಾಲ ಒಂದೇ ಕಡೆ ಕೂತವನಲ್ಲ ಎಂಬುದು ನೆನಪಾಯಿತು.

"ಹುಳಿ ಇಷ್ಟ ಅವರಿಗೆ," ಎಂದಳು ಯುಪಾ. "ಮೊದಮೊದಲು ಎಲ್ಲಾ ಸಿಹಿ ಇಡ್ತಿದ್ದೆ. ಇಟ್ಟದ್ದು ಇಟ್ಟ ಹಾಗೇ ಇರ್ತಿತ್ತು, ಇರುವೆ ಕೂಡ ಹತ್ತುತಿರಲಿಲ್ಲ. ಒಂದು ವರ್ಷ ಹಸಿ ಮಾವಿನಕಾಯಿ ಹೆಚ್ಚಿ ಉಪ್ಪು ಸವರಿ ಇಟ್ಟೆ. ಅವತ್ತು ಮನೆಯೊಳಗೆ ಯಾರೋ ನಿಟ್ಟುಸಿರು ಬಿಟ್ಟ ಹಾಗಾಯ್ತು."

ಸಾಲೆಯ ಚಡ್ಡಿಯ ಜೇಬಿನಲ್ಲಿ ಉಪ್ಪು ಕಟ್ಟಿಕೊಂಡು ಮಾವಿನ ಮರ ಹತ್ತುತ್ತಿದ್ದ ನಿಯೋಮ್. ಕೆಳಗೆ ನಿಂತು, ನನಗೂ ಹಾಕೋ ಅಣ್ಣ ಎಂದು ಕೂಗುತ್ತಿದ್ದ ತಾನು. ಇಷ್ಟು ವರ್ಷ ಅವನಿಗೆಂದು ಇಟ್ಟ ತಟ್ಟೆಯಲ್ಲಿ ಥವಿನ್ ಒಮ್ಮೆಯೂ ಮಾವಿನಕಾಯಿ ಇಟ್ಟಿರಲಿಲ್ಲ. ಆ ತಟ್ಟೆ ಅವನದಲ್ಲವೆಂದು ಗೊತ್ತಿದ್ದುದರಿಂದ ಇಡಲಿಲ್ಲವೋ, ನೆನಪೇ ಇರಲಿಲ್ಲವೋ, ಅವನಿಗೆ ತಿಳಿಯಲಿಲ್ಲ. ಯಾರೂ ಇಲ್ಲದವನೆಂದು ನರ್ಸು ಹೇಳಿದ್ದವನಿಗೆ ಕಡೆಗೆ ಒಬ್ಬಳು ಸಿಕ್ಕಿದ್ದಳು. ಸಿಕ್ಕದ್ದು ತಮ್ಮನ ತಪ್ಪಿನಿಂದ.

"ನಿಮ್ಮಲ್ಲಿ ಹೇಗಿದ್ರು?" ಯುಪಾ ಚೀಲದ ಕಡೆಗೆ ಗಲ್ಲ ಎತ್ತಿ ಕೇಳಿದಳು. ಧ್ವನಿ ತಗ್ಗಿತ್ತು, ಒಳಗೆ ನಿದ್ದೆ ಮಾಡುತ್ತಿರುವವರು ಏಳಬಾರದೆಂಬಂತೆ.

ಸುಳ್ಳು ಹೇಳಬಹುದಿತ್ತು. ಅವನು ಹೇಳಲಿಲ್ಲ. "ಮೊದಲು ಏನೂ ಗೊತ್ತಾಗ್ತಿರಲಿಲ್ಲ. ಈ ಪಕ್ಷದಲ್ಲಿ ನಮ್ಮಮ್ಮನಿಗೆ ಕೇಳಿಸ್ತಾ ಇದೆ. ಕಣ್ಣಿಲ್ಲ ಅವಳಿಗೆ. ಕಾಲು ಎಳ್ಕೊಂಡು ಬರ್ತಾನೆ, ಮೆಟ್ಟಿಲ ಕೆಳಗೆ ನಿಂತು ಯಾರನ್ನೋ ಕೂಗ್ತಾನೆ ಅಂತಾಳೆ."

"ಯಾರನ್ನ ಅಂತ ಹೇಳಿದ್ರಾ?"

"ಇಲ್ಲ ಅಕ್ಕ. ತನ್ನನ್ನಲ್ಲ ಅಂದಳು ಅಷ್ಟೆ."

ಯುಪಾ ಒಲೆಯ ಕೊಳ್ಳಿಗಳನ್ನು ಒಂದೊಂದಾಗಿ ಹೊರಗೆಳೆದಳು. ಉರಿ ಸತ್ತು ಹೊಗೆ ಎದ್ದಿತು. ಗಾಳಿಯಿಲ್ಲದ್ದರಿಂದ ಅದು ಎಲ್ಲಿಗೂ ಹೋಗದೆ ಅವರಿಬ್ಬರ ನಡುವೆ ನಿಂತಿತು. "ಹಾಗಾದ್ರೆ ನಿಮ್ಮ ಲಾಂಚಿನಲ್ಲಿ ಕರೀದೇನೇ ಹತ್ತಿದಾರೆ," ಎಂದಳು. ಎದ್ದು ಒಳಗೆ ಹೋದಳು. ಹಲಗೆಯ ಮುಂದೆ ಕೂತು ಮೂರು ಸಲ ನಮಸ್ಕರಿಸಿ, ಕರಂಡವನ್ನು ಇಳಿಸಿ, ಅದರೊಳಗಿನ ಬಿಳಿ ಗಂಟನ್ನು ಹೊರತೆಗೆಯುವುದು ಹೊರಗಿನಿಂದ ಕಾಣುತ್ತಿತ್ತು. ಅವಳು ಗಂಟಿಗೆ ಏನೋ ಹೇಳುತ್ತಿದ್ದಳು. ತುಂಬ ಹೊತ್ತು ಹೇಳಿದಳು. ಮಾತು ಕೇಳುತ್ತಿರಲಿಲ್ಲ, ತುಟಿ ಮಾತ್ರ ಆಡುತ್ತಿತ್ತು. ದೂರದ ಊರಿಗೆ ಹೊರಟ ಮಕ್ಕಳಿಗೆ ಹೇಳುವ ಹಾಗೆ. ಕಣ್ಣೊರೆಸಿಕೊಂಡೇ ಹೊರಗೆ ಬಂದಳು.

"ತಗೊಳ್ಳಿ. ನಾಡಿದ್ದು ನಿಮ್ಮಮ್ಮನ ಕೈಲಿ ಇಡಿಸಿ. ಮಾವಿನಕಾಯಿ ಸಿಗದಿದ್ರೆ ಹುಣಸೆ ಆದರೂ ಆದೀತು."

ಥವಿನ್ ಗಂಟನ್ನು ಎರಡು ಕೈಯಲ್ಲಿ ತೆಗೆದುಕೊಂಡು ಹಣೆಗೆ ಒತ್ತಿಕೊಂಡ. "ನಿಯೋಮಣ್ಣ, ಹೋಗೋಣ," ಎಂದ. ಆದರೆ ತನ್ನ ಭುಜದಲ್ಲಿ ಚೀಲ ಇನ್ನೂ ತೂಗುತ್ತಿದೆಯೆಂದು ಅವನಿಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಅವಳು ಆ ಕಡೆ ನೋಡದೆ ಬಾಳೆಲೆಗಳನ್ನು ಒಟ್ಟು ಮಾಡುತ್ತ, "ಹೊರಡೋ ಹೊತ್ತಾಗುತ್ತೆ ಅಣ್ಣ. ಲಾಂಚು ತಪ್ಪಿದರೆ ಇಲ್ಲೇ ಉಳೀಬೇಕಾಗುತ್ತೆ," ಎಂದಳು.

ಅವಳು ಬಾಯಿಬಿಟ್ಟು ಕೇಳುತ್ತಿರಲಿಲ್ಲ. ಕೇಳದೆ ಬೇಡುತ್ತಿದ್ದಳು. ಚೀಲವನ್ನು ಒಯ್ದುಬಿಡಬಹುದಿತ್ತು. ಹನ್ನೊಂದು ವರ್ಷ ಹೊತ್ತವನಿಗೆ ಇನ್ನಷ್ಟು ದೂರ ಹೊರುವುದು ಕಷ್ಟವೇ? ಒಯ್ದು ನದಿಯ ಬಾಯಿಯಲ್ಲಿ ಬಿಟ್ಟರೆ? ಆದರೆ ಬಿಟ್ಟವನು ಎಲ್ಲಿಗೆ ಬರುತ್ತಾನೆ? ಈಗ ಅವನಿಗೆ ಗೊತ್ತಿರುವ ಮೆಟ್ಟಿಲು ಒಂದೇ, ಥವಿನನ ಮನೆಯದು. ಥವಿನ್ ತನ್ನ ತಾಯಿಯನ್ನು ನೆನೆದ, ಈ ಹೆಂಗಸಿನ ಮಡಚಿದ ತೋಳನ್ನು ನೋಡಿದ. ಯಾವ ಕಡೆ ಹೆಜ್ಜೆಯಿಟ್ಟರೂ ಯಾರದೋ ಎದೆಯ ಮೇಲೆ ಇಟ್ಟಂತಾಗುತ್ತಿತ್ತು. ಸರಿ ಯಾವುದು ಎಂದು ತಿಳಿಯದ ಹೊತ್ತಿನಲ್ಲಿ ಸುಮ್ಮನೆ ಹೊರಟುಬಿಡುವುದು ಅವನ ಹಳೆಯ ಅಭ್ಯಾಸ. ಅವನು ಕೈಮುಗಿದು ತಿರುಗಿದ. ಚೀಲ ಸೊಂಟಕ್ಕೆ ತಾಗುತ್ತಿತ್ತು. ಓಣಿಯಲ್ಲಿ ನಾಲ್ಕು ಹೆಜ್ಜೆ ನಡೆದ.

"ಅಣ್ಣ."

ನಿಂತ.

"ನಿಮ್ಮಮ್ಮನಿಗೆ ನಿದ್ದೆ ಬರುತ್ತಾ?"

"ಇಲ್ಲ."

"ಹೆದರ್ತಾರಾ?"

ಥವಿನ್ ತಿರುಗಿ ನೋಡಲಾರದೆ ಹೇಳಿದ: "ಮಗ ಅಂದ್ಕೊಂಡಿದಾಳೆ. ಮಗನಿಗೆ ಹೆದರಬಾರದು ಅಂತ ಬಾಯಿಗೆ ಸೆರಗು ತುರುಕ್ಕೊಂಡು ಮಲಗ್ತಾಳೆ."

ಹಿಂದಿನಿಂದ ಬಾನಿಯಲ್ಲಿ ನೀರು ಮೊಗೆದ ಸದ್ದು ಕೇಳಿತು. ಅವನು ತಿರುಗಿದಾಗ ಯುಪಾ ಮೊಣಕೈವರೆಗೆ ಕೈ ತೊಳೆಯುತ್ತಿದ್ದಳು, ಅಂಟಿದ ಹಿಟ್ಟಿನ ಎಳೆಗಳನ್ನು ಒಂದೊಂದಾಗಿ ಬಿಡಿಸಿ. ತೊಳೆದ ಕೈಯನ್ನು ಬಟ್ಟೆಗೆ ಒರೆಸಿಕೊಂಡು ಬಾಗಿಲ ಮುಂದೆ ಬಂದು ನಿಂತಳು. ಮುಖದಲ್ಲಿ ಸಿಟ್ಟೂ ಇರಲಿಲ್ಲ, ಅಳುವೂ ಇರಲಿಲ್ಲ. ಸಂಜೆಯ ಅಡುಗೆಗೆ ಏಳುವ ಹೆಂಗಸಿನ ದಣಿವು ಮಾತ್ರ ಇತ್ತು.

"ಕೊಡಿ ಅವರನ್ನ," ಎಂದಳು. "ನನ್ನ ಪಾಲಿನ ನಿದ್ದೆ ನಾನು ಮಾಡಿದೀನಿ."

ಥವಿನ್ ನಡೆದು ಬಂದ. ಚೀಲದಿಂದ ಗಂಟನ್ನು ತೆಗೆದು, ಅಂಗೈಗಳ ಮೇಲೆ ಇಟ್ಟುಕೊಂಡು, ದಾಟಿಸುವವರು ಹೇಳುವ ಮಾತನ್ನು ಹೇಳಲೆಂದು ಬಾಯಿ ತೆರೆದ. ಈಗ ಹೆಸರು ಗೊತ್ತಿತ್ತು.

"ಕರೀಬೇಡಿ," ಎಂದಳು ಯುಪಾ. "ಅವರಿಗೆ ಮನೆ ಗೊತ್ತು."

ಅವನು ಬಾಯಿ ಮುಚ್ಚಿದ. ಅವಳು ನೆಟ್ಟಗಾಗದ ಎಡಗೈಯನ್ನೂ ಬಲಗೈಯನ್ನೂ ಸೇರಿಸಿ ಚಾಚಿದಳು. ಅವನು ಬಗ್ಗಿ, ಒಂದು ಮಾತೂ ಆಡದೆ, ಗಂಟನ್ನು ಆ ಕೈಗಳಲ್ಲಿ ಇಟ್ಟ.